ಒತ್ತಾಯಕ್ಕೆ ಪುರಾವೆ

ನಿನ್ನೆಯಿಂದ ನಮ್ಮ ಕಾರಿನಲ್ಲಿ ಇಂಗಿನ ವಾಸನೆ. ಕಿಟಕಿ ಇಳಿಸಿಕೊಂಡು ಬೆರ್ರಿಯೆಸಾದಿಂದ ಸ್ಯಾನ್ ಮಟಿಯೋದವರೆಗೆ ಫ್ರೀವೇ ಮೇಲೆ ಹೋಗಿಬಂದರೂ ಬಿಡಲಿಲ್ಲ. ತಿರುವಿನಲ್ಲಿ ಕೋಸಂಬರಿ ಬಕೀಟು ವಾಲಿ, ಒಗ್ಗರಣೆಯೆಲ್ಲ ಟ್ರಂಕಿನ ಕಾರ್ಪೆಟ್ಟಿಗೆ ಇಳಿದುಬಿಟ್ಟಿದೆ. ಇವತ್ತು ಆಫೀಸಿನ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ಬಂದೆ. ಪಾಪ, ಮೂಗು ಸುಕ್ಕು ಮಾಡಿಕೊಂಡು, ಏನಾದರೂ ಸುಡ್ತಾ ಇದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. "ಇಲ್ಲಮ್ಮ, ಅದು ನಮ್ಮ ಆಹಾರ ನೀತಿ" ಅಂದೆ. ಮರ್ಯಾದಸ್ಥೆ, ಮುಂದಕ್ಕೆ ಕೇಳಲಿಲ್ಲ. ನೀವು ಕೇಳದೆ ಬಿಡುವವರಲ್ಲ ಅಂತ ಗೊತ್ತು, ಅದಕ್ಕೇ ಹೇಳುತ್ತೇನೆ.

ಈ ಪರದೇಶದಲ್ಲಿ ಮಂಡ್ಯ, ಹಾಸನ, ಮೈಸೂರಿನ ಕಡೆಯ ಒಂದಿಷ್ಟು ಮನೆಗಳು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ತಿಂಗಳಿಗೊಂದು ಭಾನುವಾರ ಒಂದು ಹಾಲ್ ಬಾಡಿಗೆಗೆ ಹಿಡಿದು, ಎಲ್ಲರೂ ಕೂಡಿ ಅಡುಗೆ ಮಾಡಿ, ಸಾಲಾಗಿ ಕೂತು ಉಣ್ಣುತ್ತೇವೆ. ತಿಂಗಳೂಟ ಅಂತ ಅದಕ್ಕೆ ಹೆಸರು. ಎಲೆ ಪೇಪರಿನದು, ಬಾಳೆಎಲೆಯ ಚಿತ್ರ ಮಾತ್ರ ಅದರ ಮೇಲೆ ಅಚ್ಚಾಗಿರುತ್ತದೆ. ಬಫೆ ಮಾಡೋಣ ಅಂತ ಯಾರೋ ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಹಿರಿಯರೆಲ್ಲ ಮುಖ ಸಿಂಡರಿಸಿದ್ದರು. ತಟ್ಟೆ ಹಿಡಿದು ಕ್ಯೂ ನಿಲ್ಲುವುದಕ್ಕೆ ಆಫೀಸಿನ ಕೆಫೆ ಇಲ್ಲವೇ? ಇಲ್ಲಿ ಬಡಿಸುವವರು ಬೇಕು, ಅವರು ಒತ್ತಾಯ ಮಾಡಬೇಕು, ನಾವು ಬೇಡ ಬೇಡ ಅನ್ನಬೇಕು. ಆಗಲೇ ಉಂಡ ಹಾಗೆ.

ಈ ಬೇಡದಲ್ಲಿ ಒಂದು ಕ್ರಮವಿದೆ, ನಿಮಗೆ ಹೇಳಿಕೊಡಬೇಕಾಗಿಲ್ಲ. ಮೊದಲನೆಯ ಬೇಡ ಮರ್ಯಾದೆಗೆ. ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಆದರೆ ಬೆರಳುಗಳ ನಡುವೆ ಸಾಕಷ್ಟು ಜಾಗ ಬಿಟ್ಟಿರುತ್ತೇವೆ. ಹಾಕಿ ಅಂತ ಅದರ ಅರ್ಥ. ನಿಜವಾಗಿ ಬೇಡವಾದವರಿಗೆ ಎಲೆ ಮಡಚಿ ಎದ್ದುಹೋಗುವುದೊಂದೇ ದಾರಿ.

ಒತ್ತಾಯದಲ್ಲಿ ನಮ್ಮ ಕೇಶವಣ್ಣನನ್ನು ಮೀರಿಸುವವರಿಲ್ಲ. ಹಾಸನದವನು, ವಾರವೆಲ್ಲ ಚಿಪ್ ಕಂಪನಿಯಲ್ಲಿ ಮಾತೇ ಆಡದೆ ಕೆಲಸ ಮಾಡುವ ಮನುಷ್ಯ. ಭಾನುವಾರ ಪಂಚೆ ಎತ್ತಿಕಟ್ಟಿ ಹೋಳಿಗೆ ತಟ್ಟೆ ಹಿಡಿದನೋ, ಮುಗಿಯಿತು. ನನ್ನನ್ನು ಅಕ್ಕ ಅನ್ನುತ್ತಾನೆ, ಆ ಲೆಕ್ಕದಲ್ಲಿ ನಮ್ಮವರು ಭಾವ. "ಭಾವ, ಒಂದೇ ಒಂದು. ನನ್ನ ಮುಖ ನೋಡಿ ಒಂದು." ಅವನ ಮುಖ ನೋಡಿ ನಮ್ಮವರು ಎಷ್ಟು ಹೋಳಿಗೆ ತಿಂದಿದ್ದಾರೋ ಆ ದೇವರಿಗೇ ಗೊತ್ತು.

ಹೀಗಿರುವಾಗ ಆಫೀಸಿನ ಮೀಟಿಂಗಿನ ಮಧ್ಯೆ ನಮ್ಮವರಿಗೆ ಎದೆನೋವು ಬಂತು. ಗ್ಯಾಸು ಅಂದುಕೊಂಡು ಸೋಡಾ ಕುಡಿದು ಕೂತಿದ್ದರಂತೆ ಈ ಮಹಾನುಭಾವರು. ಜೊತೆಗಿದ್ದವರು ಯಾರೋ ಬಯ್ದು ಆಸ್ಪತ್ರೆಗೆ ಎಳೆದುಕೊಂಡು ಹೋದದ್ದಕ್ಕೆ ಉಳಿದರು. ಸ್ಟೆಂಟು ಹಾಕಿದರು. ಕಾರಿಡಾರಿನಲ್ಲಿ ಕೂತು ನಾನು ಹೊತ್ತ ಹರಕೆಗಳನ್ನೆಲ್ಲ ಹೇಳಿ ನಿಮ್ಮನ್ನು ಸುಸ್ತು ಮಾಡುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ, ನನಗೆ ಈ ಮನುಷ್ಯ ಬೇಕು. ಮದುವೆಯಾದ ದಿನದಿಂದ ಆಡುತ್ತಿರುವ ಜಗಳ ಇನ್ನೂ ಮುಗಿದಿಲ್ಲ.

ಆಮೇಲಿನ ಮೊದಲನೇ ತಿಂಗಳೂಟ. ಕೇಶವಣ್ಣ ಹೋಳಿಗೆ ತಂದ. ನಾನು ದೂರದಿಂದಲೇ ಅವನಿಗೆ ಕಣ್ಣಲ್ಲೇ ಗದರಿದೆ. ಅವನು ನನ್ನ ಕಡೆ ಕೈಯೆತ್ತಿ ಅಭಯ ಕೊಟ್ಟು, "ಸ್ಟೆಂಟು ಹಾಕಿಸ್ಕೊಂಡಾಯ್ತಲ್ಲ ಭಾವ, ರೋಡು ಕ್ಲಿಯರ್ ಆಯ್ತು. ಇನ್ನೇನು ಭಯ?" ಅಂತ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದ. ನಮ್ಮವರು ನನ್ನ ಕಡೆ ತಿರುಗದೆ ತಿಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ಬಳಗದ ಅಧ್ಯಕ್ಷ ಮೂರ್ತಿಗೆ ಫೋನ್ ಮಾಡಿ, "ನಮ್ಮ ಊಟಕ್ಕೆ ಒಂದು ನೀತಿ ಬೇಕು" ಅಂದೆ. ಮೂರ್ತಿ ದೊಡ್ಡ ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರು. "ಮಾಡೋಣ ಅಕ್ಕ, ಆದ್ರೆ ಸೈಂಟಿಫಿಕ್ ಎವಿಡೆನ್ಸ್ ಇಟ್ಕೊಂಡೇ ಮಾಡೋಣ" ಅಂದ.

ವೀಡಿಯೋದಲ್ಲಿ ಸಭೆ ಸೇರಿತು. ಎಲ್ಲರೂ ಪುರಾವೆ ತಂದಿದ್ದರು. ಮೈಸೂರಿನವರು ತುಪ್ಪ ಎದೆಗೆ ಒಳ್ಳೆಯದು ಅಂತ ಒಂದು ಸಂಶೋಧನೆ ತಂದರು. ಮಂಡ್ಯದವರು ರಾಗಿಯ ಮೇಲೆ, ಹಾಸನದವರು ಕೊಬ್ಬರಿಯ ಮೇಲೆ. ಕಾಫಿ ಬಿಡಲಾರದವರು ಕಾಫಿಯ ಮೇಲೆ ಒಂದು ರಾಶಿಯನ್ನೇ ತಂದಿದ್ದರು. ನಾನೇನು ಕಮ್ಮಿ, ಹಲಸಿನ ಬೀಜದ ಮೇಲೆ ಒಂದು ಇಟ್ಟುಕೊಂಡಿದ್ದೆ. ಜಗತ್ತಿನ ಪ್ರಯೋಗಶಾಲೆಗಳೆಲ್ಲ ಹಗಲೂ ರಾತ್ರಿ ದುಡಿದು ಕೊನೆಗೆ ನಮ್ಮ ನಮ್ಮ ಅಮ್ಮಂದಿರ ಅಡುಗೆಯೇ ಸರಿ ಅಂತ ತೀರ್ಮಾನಿಸಿದ್ದವು.

ಸಭೆಯಲ್ಲಿ ನನ್ನ ಗೆಳತಿ ವಸುಧಾನೂ ಇದ್ದಳು. ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮು. ಈಗ ಇಲ್ಲೇ ಹತ್ತಿರದ ಸರಟೋಗಾದಲ್ಲಿದ್ದಾಳೆ, ಯೂನಿವರ್ಸಿಟಿಯಲ್ಲಿ ಆಹಾರ ಪೋಷಣೆಯ ಸಂಶೋಧನೆಯೇ ಅವಳ ಕೆಲಸ. ನಮ್ಮ ಪೇಪರುಗಳನ್ನೆಲ್ಲ ನೋಡಿ, "ಇದು ಇಲಿಗಳ ಮೇಲೆ ಮಾಡಿದ್ದು. ಇದರಲ್ಲಿ ಜನ ತೀರಾ ಕಮ್ಮಿ. ಇದಕ್ಕೆ ದುಡ್ಡು ಕೊಟ್ಟವರು ಆ ಎಣ್ಣೆ ಮಾರೋರೇ" ಅಂತ ಒಂದೊಂದನ್ನೇ ಪಕ್ಕಕ್ಕಿಟ್ಟಳು. ನನ್ನ ಹಲಸಿನ ಬೀಜಕ್ಕೂ ಅದೇ ಗತಿಯಾಯಿತು.

"ಹಾಗಾದ್ರೆ ಪಕ್ಕಾ ಗೊತ್ತಿರೋದು ಏನು ಮೇಡಂ?" ಅಂದ ಮೂರ್ತಿ.

"ಸ್ವಲ್ಪ ಗೊತ್ತು, ಅದೂ ಬೋರಿಂಗು. ತರಕಾರಿ, ಬೇಳೆ ಜಾಸ್ತಿ ತಿನ್ನಿ. ಸಕ್ಕರೆ, ಉಪ್ಪು, ಜಿಡ್ಡು ಕಮ್ಮಿ ಮಾಡಿ. ಆಮೇಲೆ, ಎಲೆಗೆ ಎಷ್ಟು ಬಂದು ಬೀಳುತ್ತೋ ಅಷ್ಟನ್ನೂ ತಿಂದುಬಿಡ್ತೀವಿ, ಅದು ನೆನಪಿರಲಿ."

"ಇಷ್ಟು ನಮ್ಮಜ್ಜಿಗೂ ಗೊತ್ತಿತ್ತು" ಅಂತ ಯಾರೋ ಗೊಣಗಿದರು.

"ಗೊತ್ತಿದ್ರೆ ಮಾಡಿ ಮತ್ತೆ" ಅಂದಳು ವಸುಧಾ.

ಅವಳ ಕೊನೆಯ ಮಾತನ್ನು ನಾನು ಗಬಕ್ಕನೆ ಹಿಡಿದುಕೊಂಡೆ. ಎಲೆಗೆ ಬಿದ್ದರೆ ತಾನೇ ತಿನ್ನುವುದು? ಒತ್ತಾಯ ನಿಲ್ಲಿಸಿ ಅಂದೆ. ಮೂರ್ತಿಯ ಮುಖ ಅರಳಿತು. ಅವನಿಗೆ ಅಳೆಯುವುದಕ್ಕೆ ಬರುವಂಥದ್ದು ಏನಾದರೂ ಸಿಕ್ಕರೆ ಸಾಕು. ಪೈಲಟ್ ಅಂತ ಒಂದು ಊಟದಲ್ಲಿ ಪ್ರಯೋಗ ಮಾಡಿ ನೋಡೋಣ, ಬಡಿಸುವವರು ಒಬ್ಬೊಬ್ಬರನ್ನೂ ಒಂದೇ ಸಲ ಕೇಳಲಿ, ಬೇಕು ಅಂದರೋ ಬೇಡ ಅಂದರೋ ವಾಲಂಟಿಯರು ಫೋನಿನಲ್ಲಿ ಒತ್ತಲಿ ಅಂದ. "ಏನನ್ನ ಅಳೀತಿದ್ದೀರಿ ಅಂತ ಒಂದು ಸಲ ಯೋಚನೆ ಮಾಡಿ" ಅಂದಳು ವಸುಧಾ. ಅಷ್ಟರಲ್ಲಿ ವಾಲಂಟಿಯರುಗಳ ಹೆಸರು ಓದುವುದು ಶುರುವಾಗಿತ್ತು.

ಆ ಭಾನುವಾರದ ಊಟವನ್ನು ನೀವು ನೋಡಬೇಕಿತ್ತು. ಕೇಶವಣ್ಣ ಬಂದ, "ಹೋಳಿಗೆ?" ಅಂದ. ಎಲ್ಲರೂ ಅಭ್ಯಾಸದಂತೆ "ಅಯ್ಯೋ ಬೇಡಪ್ಪ" ಅಂದರು. ಅವನು ಮುಂದಕ್ಕೆ ಹೋದ. ಪಕ್ಕದಲ್ಲಿ ಫೋನು ಟಿಕ್ ಅಂತು. ಬೇಡ ಅಂದವರು ಬಾಯಿ ತೆರೆದುಕೊಂಡೇ ಅವನ ಬೆನ್ನು ನೋಡಿದರು. ಪಲ್ಯ ಬಂತು, ಬೇಡ, ಟಿಕ್. ಅನ್ನ ಬಂತು, ಬೇಡ, ಟಿಕ್. ಒಬ್ಬರಾದರೂ ತಿರುಗಿ ಕರೆದು ಹಾಕಿ ಅನ್ನಲಿಲ್ಲ. ಕರೆದು ಕೇಳುವುದಕ್ಕೆ ಅವರೇನು ಗತಿಯಿಲ್ಲದವರೇ? ಡಾಕ್ಟರುಗಳು, ಇಂಜಿನಿಯರುಗಳು, ಕಂಪನಿ ಕಟ್ಟಿ ಮಾರಿದವರು, ಎಲ್ಲರೂ ಬರೀ ಎಲೆ ನೋಡಿಕೊಂಡು ಮುಗುಳ್ನಗುತ್ತಾ ಕೂತಿದ್ದರು. ಮಕ್ಕಳು ಮಾತ್ರ ಮೊದಲನೇ ಸಲಕ್ಕೇ "ಯೆಸ್ ಪ್ಲೀಸ್" ಅಂದು ಹೊಟ್ಟೆ ತುಂಬ ಉಂಡವು.

ಊಟ ಮುಗಿಸಿ ಹೊರಟಾಗ, ಹಾಲ್‌ನ ಎದುರಿಗೇ, ರೊಟ್ಟಿಯಲ್ಲಿ ಅನ್ನ ಕಾಳು ಸುತ್ತಿಕೊಡುವ ಒಂದು ಬರಿಟೊ ಅಂಗಡಿ. ಟಿಕ್ ಎಣಿಸುವ ಗಡಿಬಿಡಿಯಲ್ಲಿ ಮಜ್ಜಿಗೆಯಷ್ಟೇ ಕುಡಿದಿದ್ದ ನಾನು ನಾಚಿಕೆ ಬಿಟ್ಟು ಒಳಗೆ ಹೋದರೆ, ರೇಷ್ಮೆ ಸೀರೆ ಜುಬ್ಬಾಗಳಲ್ಲಿ ಅರ್ಧ ಬಳಗ ಅಲ್ಲೇ ಕ್ಯೂ ನಿಂತಿದೆ. ಯಾರೂ ಯಾರನ್ನೂ ಗುರುತು ಹಿಡಿಯಲಿಲ್ಲ. ಆ ವಾರವೇ ಮೂರ್ತಿ ಸ್ಕ್ರೀನಿನ ಮೇಲೆ ಗ್ರಾಫು ತೋರಿಸಿದ. "ನೋಡಿ, ನಮ್ಮ ಜನಕ್ಕೆ ಹೋಳಿಗೆ ನಿಜವಾಗ್ಲೂ ಬೇಕಾಗಿಯೇ ಇಲ್ಲ. ಡೇಟಾ ಕ್ಲಿಯರ್ ಆಗಿದೆ." ಬರಿಟೊ ಕ್ಯೂನಲ್ಲಿದ್ದವರೆಲ್ಲ ಗಂಭೀರವಾಗಿ ತಲೆಯಾಡಿಸಿ ಒಪ್ಪಿದರು. ವಸುಧಾ ಹಣೆಗೆ ಕೈ ಹಚ್ಚಿಕೊಂಡು, "ನೀವು ಅಳೆದಿದ್ದು ಮರ್ಯಾದೆನ ಕಣ್ರೀ, ಹಸಿವನ್ನಲ್ಲ" ಅಂದಳು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನಂತೂ ಗೆದ್ದೆ ಅಂದುಕೊಂಡಿದ್ದೆ. ಆದರೆ ಅವತ್ತು ನಮ್ಮವರು ಅಂಗಡಿಯ ಒಳಗೆ ಬರದೆ ಕಾರಿನಲ್ಲೇ ಕೂತಿದ್ದರು. ಮನೆಯ ದಾರಿಯಲ್ಲಿ, "ಕೇಶವ ಒಂದೇ ಸಲ ಕೇಳಿ ಹೋಗ್ಬಿಟ್ಟ ಕಣೆ" ಅಂದರು.

"ಎಲ್ಲರಿಗೂ ಹಾಗೇ ಮಾಡಿದ್ದು ರೀ, ಅದು ನೀತಿ."

"ಇರಬಹುದು. ಆದ್ರೆ ನನ್ನ ಹತ್ರ ಬಂದಾಗ ಅವನು ಮುಖಾನೇ ನೋಡಲಿಲ್ಲ. ಕಾಯಿಲೆಯವನು ಅಂತ ಲೆಕ್ಕದಿಂದ ತೆಗೆದುಹಾಕಿದ್ದಾರೆ ಬಿಡು."

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಮುಂದಿನ ತಿಂಗಳೂಟಕ್ಕೆ ಕಾಲು ನೋವು ಅಂದರು. ಅದರ ಮುಂದಿನದಕ್ಕೆ ನೆವವನ್ನೂ ಹೇಳಲಿಲ್ಲ. ಸಂಜೆ ವಾಕಿಂಗು ನಿಂತಿತು, ಫೋನ್ ಬಂದರೆ ನನ್ನ ಕೈಗೆ ಕೊಡತೊಡಗಿದರು. ನಾನು ಹಾಕಿದ್ದನ್ನು ಹಾಕಿದಷ್ಟು ತಿಂದು, ಕೈ ತೊಳೆದು, ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವರು. ಜಗಳಕ್ಕೆ ಕರೆದರೂ ಬರಲಿಲ್ಲ. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆಸ್ಪತ್ರೆಯಿಂದ ವಾಪಸು ತಂದ ಮನುಷ್ಯನನ್ನು ನಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿತು.

ವಸುಧಾಳ ಮನೆಗೆ ಹೋಗಿ ಅವಳ ವಿಜ್ಞಾನಕ್ಕೆಲ್ಲ ಮಂಗಳಾರತಿ ಎತ್ತಿದೆ. ಅವಳು ಕಾಫಿ ಕೊಟ್ಟು, ನನ್ನ ಬೈಗುಳ ಪೂರ್ತಿ ಕೇಳಿ, "ಒತ್ತಾಯ ಮಾಡಬೇಡಿ ಅಂತ ಯಾವ ವಿಜ್ಞಾನ ಹೇಳ್ತು? ಅದು ನೀನು ಹೇಳಿದ್ದು. ಎಲೆಗೆ ಬಿದ್ದದ್ದನ್ನ ತಿಂತಾರೆ ಅಂದೆ ಅಷ್ಟೇ. ಬೀಳೋದು ಕೋಸಂಬರಿ ಆದ್ರೆ ಅದನ್ನೂ ತಿಂತಾರಲ್ಲ" ಅಂದಳು.

"ಕೋಸಂಬರಿಗೆ ಯಾರಾದ್ರೂ ಒತ್ತಾಯ ಮಾಡ್ತಾರೇನೇ?"

"ಮಾಡಿ ನೋಡಿದ್ದೀರಾ?"

ಕೋಸಂಬರಿಗೆ ಒತ್ತಾಯ ಮಾಡು ಅಂತ ಕೇಶವಣ್ಣನಿಗೆ ಹೇಳಿದಾಗ ಅವನಿಗೆ ಅವಮಾನವೇ ಆಯಿತು. "ಹೋಳಿಗೆ ಬಡಿಸಿದ ಕೈ ಅಕ್ಕ ಇದು" ಅಂತ ಬಲಗೈಯನ್ನೇ ಮುಂದೆ ಚಾಚಿದ. ಆದರೆ ಭಾವ ಯಾಕೆ ಬರುತ್ತಿಲ್ಲ ಅಂತ ನಾನು ಬಿಡಿಸಿ ಹೇಳಿದ ಮೇಲೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಆ ಶನಿವಾರ ಮಧ್ಯಾಹ್ನ ಪಂಚೆ ಉಟ್ಟು, ಬಕೀಟು ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದ. ನಮ್ಮವರನ್ನು ರೂಮಿನಿಂದ ಹೊರಗೆ ಎಳೆತಂದು ಟೇಬಲ್ಲಿಗೆ ಕೂರಿಸಿದ.

"ಭಾವ, ಕೋಸಂಬರಿ."

"ಬೇಡ ಕೇಶವ."

"ಸೌತೆಕಾಯಿ ನಾನೇ ಹೆಚ್ಚಿದ್ದು ಭಾವ. ಸ್ವಲ್ಪ."

"ಬೇಡ ಅಂದ್ನಲ್ಲ."

"ಭಾವ, ನನ್ನ ಸ್ಥಿತಿ ನೋಡಿ. ಹೆಸರುಬೇಳೆ ಇಟ್ಕೊಂಡು ಅಂಗಲಾಚ್ತಾ ಇದ್ದೀನಿ. ಹಾಸನದಲ್ಲಿ ಯಾರಿಗಾದ್ರೂ ಗೊತ್ತಾದ್ರೆ ನಾನು ತಲೆ ಎತ್ತಕ್ಕಾಗಲ್ಲ. ನನ್ನ ಮುಖ ನೋಡಿ ಒಂದು ಸೌಟು."

ನಮ್ಮವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಬಾಯಿಗೆ ಬಂತು. ಅವನು ಸುರಿದ, ಇವರು ಸಾಕೋ ಸಾಕೋ ಅಂತ ಕೂಗಿದರು, ಅವನು ಮತ್ತೆ ಸುರಿದ. ತಿನ್ನುತ್ತಾ ತಿನ್ನುತ್ತಾ ಇವರು ತಲೆ ಎತ್ತದೆ, "ಅವತ್ತು ಯಾಕೋ ಹಾಗೆ ಮುಂದಕ್ಕೆ ಹೋದೆ?" ಅಂತ ಕೇಳಿದರು.

"ರೂಲು ಅಂದ್ರು ಭಾವ. ಮನೇಗೆ ಹೋದ್ಮೇಲೆ ನಂಗೂ ಅನ್ನ ಸೇರಲಿಲ್ಲ" ಅಂದ ಕೇಶವಣ್ಣ.

ಈಗ ನಮ್ಮ ಬಳಗದ ನೀತಿ ಇದು: ಒತ್ತಾಯ ಎಷ್ಟು ಬೇಕಾದರೂ ಮಾಡಬಹುದು, ಕೋಸಂಬರಿಗೆ ಮತ್ತು ಪಲ್ಯಕ್ಕೆ ಮಾತ್ರ. ಹೋಳಿಗೆ ಒಂದು ತಟ್ಟೆಯಲ್ಲಿ ಮೂಲೆಯಲ್ಲಿರುತ್ತದೆ, ಬೇಕಾದವರು ಎದ್ದುಹೋಗಿ ತರಬೇಕು. ಎಲ್ಲರೆದುರಿಗೆ ಎದ್ದುಹೋಗುವ ಎದೆಗಾರಿಕೆ ನಮ್ಮಲ್ಲಿ ಬಹಳ ಜನಕ್ಕಿಲ್ಲ. ನಮ್ಮವರ ರಿಪೋರ್ಟು ಚೆನ್ನಾಗಿ ಬಂದಾಗ ಇದು ಕೋಸಂಬರಿಯ ಮಹಿಮೆ ಅಂತ ನಾನು ಕುಣಿದೆ. "ಮಾತ್ರೆ ತಗೋತಿದಾರೆ, ಮತ್ತೆ ವಾಕಿಂಗ್ ಶುರು ಮಾಡಿದಾರೆ, ಯಾವುದರಿಂದ ಅಂತ ಹೇಳೋಕೆ ಆಗಲ್ಲ. ನಿನ್ನ ಗಂಡ ಒಬ್ಬ ಪುರಾವೆ ಆಗಲ್ಲ ಕಣೇ" ಅಂತ ವಸುಧಾ ತಣ್ಣೀರೆರಚಿದಳು. ಮೂರ್ತಿ ಅಷ್ಟು ಹೊತ್ತಿಗೆ ನಮ್ಮವರನ್ನು ಪುರಾವೆ ಅಂತ ತನ್ನ ಸ್ಲೈಡಿಗೆ ಹಾಕಿಯಾಗಿತ್ತು.

ನಿನ್ನೆಯ ತಿಂಗಳೂಟದಲ್ಲಿ ಕೇಶವಣ್ಣನಿಗೆ ಸೊಂಟ ಹಿಡಿದು, ಕೋಸಂಬರಿ ಬಡಿಸುವುದಕ್ಕೆ ನಮ್ಮವರು ನಿಂತರು. ನಾನು ಯಾವಾಗಲೂ ಒಳಗೆ ಪಾತ್ರೆಗಳ ಹತ್ತಿರ ಇರುವವಳು. ಎಲ್ಲರದೂ ಆದಮೇಲೆ ಕೌಂಟರಿಗೆ ಒರಗಿ ತಳದಲ್ಲಿ ಉಳಿದದ್ದನ್ನು ಕಲಸಿಕೊಂಡು ತಿನ್ನುವುದು ನನ್ನ ಊಟ. ನಿನ್ನೆ ವಸುಧಾ ನನ್ನ ಕೈಯಿಂದ ಸೌಟು ಕಿತ್ತುಕೊಂಡು, ತಳ್ಳಿಕೊಂಡು ಹೋಗಿ ಮೊದಲನೇ ಪಂಕ್ತಿಯಲ್ಲಿ ಕೂರಿಸಿದಳು. ನಮ್ಮವರು ಸಾಲಿನುದ್ದಕ್ಕೂ ಬಂದು ನನ್ನ ಮುಂದೆ ನಿಂತರು.

"ಕೋಸಂಬರಿ?"

"ಬೇಡ" ಅಂದೆ. ಬಾಯಿಗೆ ಬಂದದ್ದು ಅದೇ.

"ಒಂದು ಸ್ವಲ್ಪ."

ಅದು ಎರಡನೇ ಸಲ. ಮನೆಯಲ್ಲಿ ಕೇಳುವವಳು ನಾನು, ತಿಂಗಳೂಟದಲ್ಲಿ ಕೊನೆಗೆ ಉಣ್ಣುವವಳು ನಾನು. ಮದುವೆಯಾಗಿ ಬಂದ ಮೇಲೆ ನನ್ನನ್ನು ಯಾರೂ ಎರಡನೇ ಸಲ ಕೇಳಿದ್ದೇ ಇಲ್ಲ. ಒತ್ತಾಯ ನಿಲ್ಲಿಸಿ ಅಂತ ಸಭೆಯಲ್ಲಿ ಎದೆ ತಟ್ಟಿ ಹೇಳಿದ್ದೆನಲ್ಲ, ಅದರ ರುಚಿ ನನಗೆ ಗೊತ್ತೇ ಇರಲಿಲ್ಲ.

"ಬೇಡ ರೀ, ಸಾಕು. ಮುಂದಕ್ಕೆ ಹೋಗಿ, ಜನ ಕಾಯ್ತಾ ಇದ್ದಾರೆ."

ಮುಂದಕ್ಕೆ ಹೋಗಲಿಲ್ಲ ಆ ಪುಣ್ಯಾತ್ಮ. ಬಕೀಟು ಹಿಡಿದು ಅಲ್ಲೇ ಬಗ್ಗಿ ನಿಂತಿದ್ದರು. ನಾನು ಎಲೆ ನೋಡುತ್ತಾ, ಇನ್ನೊಂದು ಸಲ ಕೇಳಲಿ ದೇವರೇ ಅಂದುಕೊಂಡು, "ಬೇಡ" ಅಂದೆ.

ಕೇಳಿದರು.