ತಂಗಿ ದಿಲ್ಲಿ ಮುಟ್ಟುವ ತನಕ

ಗೆಳತಿಯರೆ, ಇವತ್ತು ಬೆಳಿಗ್ಗೆ ಕಸಬರಿಗೆ ಹಿಡಿದಿದ್ದೆನಷ್ಟೆ, ಪಕ್ಕದ ಮನೆಯ ಗಂಗವ್ವತ್ತಿ ಬಾಗಿಲಲ್ಲೇ ತಡೆದರು.

"ಊರಿಗೆ ಹೋದವ್ರು ಮುಟ್ಟೂತನಕ ಕಸಾ ಹೊಡಿಬಾರ್ದವಾ. ತಂಗಿ ದಿಲ್ಲಿ ಮುಟ್ಟಿದಳೇನ?"

ನಾಲ್ಕು ದಿನ ಇದ್ದು ಹೊರಟ ತಂಗಿ, ಮಗಳ ಜೊತೆ ಆಗತಾನೇ ಬೆಳಗಾವಿಯಲ್ಲಿ ವಿಮಾನ ಹತ್ತಿದ್ದಳು. ಫೋನಿನಲ್ಲಿ ನೋಡಿ ಹೇಳಿದೆ: "ಸುಮಾರು ಒಂದೂವರಿ ಸಾವಿರ ಕಿಲೋಮೀಟರ್ ಐತ್ರಿ ಅತ್ತಿ. ಆದ್ರ ಎರಡೂವರಿ ತಾಸಿನ್ಯಾಗ ಮುಟ್ಟತಾಳ."

"ಅಷ್ಟ ಏನ? ನಮ್ಮ ಸವದತ್ತಿಯಿಂದ ಬೆಳಗಾಂವಿಗೆ ಬಸ್ಸಿಗೂ ಅಷ್ಟ ಹೊತ್ತ ಹಿಡಿತೈತಿ. ಮತ್ತ ಆಕಿ ಮೂರ ವರ್ಷ ಯಾಕ ಬರಲಿಲ್ಲ?"

ಕಸಬರಿಗೆಯನ್ನು ಮೂಲೆಗಿಟ್ಟೆ.

ಮಧ್ಯಾಹ್ನ ತಂಗಿಯ ಮೆಸೇಜು ಬಂತು: "ಮುಟ್ಟಿದೆ ಅಕ್ಕಾ." ನಾನೊಬ್ಬಳೇ ಇರುವ ಮನೆ. ಪಡಸಾಲೆಯಲ್ಲಿ ಅವಳ ಮಗಳು ಚೆಲ್ಲಿದ ಚುರುಮುರಿ, ತಂಗಿಯ ಮುಡಿಯಿಂದ ಬಿದ್ದ ಮಲ್ಲಿಗೆ ಹಾಗೇ ಇದ್ದವು.

ಸಂಜೆ ಗೋಡೆಯಾಚೆಯಿಂದ ಅತ್ತಿ ಕೂಗಿದರು: "ಮುಟ್ಟಿದಳೇನವಾ? ದೀಪಾ ಹಚ್ಚೂ ಹೊತ್ತಾತು, ಕಸಾ ಹೊಡದಬಿಡು."

"ಇನ್ನೂ ಇಲ್ರಿ ಅತ್ತಿ. ವಿಮಾನ ತಡಾ ಆಗೇತಂತ" ಎಂದೆ.

ನಾಳೆಯೂ ತಡವಾಗುವ ಲಕ್ಷಣ ಕಾಣುತ್ತಿದೆ.