ಸೋಮವಾರ ಬಂದ ಸಾಹೇಬರು

ನಮ್ಮ ಓಣಿಯ ಅರ್ಜಿ ಬರೆದವಳು ನಾನು. ಅದು ಸೋತಿದ್ದೂ ನನ್ನ ಕೈಯಿಂದಲೇ ಎಂದು ಈಗಲೂ ಅನ್ನಿಸುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಶಿಗ್ಗಾಂವಿಯಲ್ಲಿ ನಮ್ಮ ಓಣಿಯ ಪಡುವಣ ಬಯಲಿನಲ್ಲಿ ಗುತ್ತಿಗೆದಾರನೊಬ್ಬ ಮನೆಯಿಲ್ಲದವರಿಗೆಂದು ಸರ್ಕಾರದ ಸಾಲುಮನೆ ಕಟ್ಟಲು ಶುರು ಮಾಡಿದ. ಗಾರೆಗೆಂದು ಅಲ್ಲೇ ಎತ್ತಿನ ಗಾಣ ಹೂಡಿದ. ಒಡೆದ ಇಟ್ಟಂಗಿ, ಸುಣ್ಣ ಎಲ್ಲವನ್ನೂ ಗಾಣದ ಕಲ್ಲಿನಡಿ ನೀರು ಹಾಕದೆ ಹಾಗೇ ಅರೆಯುತ್ತಿದ್ದರು. ಗಾಳಿ ಬೀಸಿದರೆ ಆ ಧೂಳೆಲ್ಲ ನಮ್ಮ ಮನೆಗಳಿಗೆ. ಒಣಹಾಕಿದ ಸೀರೆ ಕೆಂಪು, ಹಾಲಿನ ಕೆನೆ ಕೆಂಪು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅಕ್ಕನಿಗೆ ದಮ್ಮು ಇತ್ತು. ಗಾಣ ಬಂದ ಮೇಲೆ ಅವಳು ಕಾಲು ಚಾಚಿ ಮಲಗಿದ್ದೇ ಇಲ್ಲ; ಗೋಡೆಗೆ ದಿಂಬು ಆನಿಸಿ ಕೂತೇ ಕಣ್ಣು ಮುಚ್ಚುತ್ತಿದ್ದಳು. ಡಾಕ್ಟರು ಅಪ್ಪನನ್ನು ಹೊರಗೆ ಕರೆದು, "ಈ ಧೂಳಿನಾಗ ಇನ್ನೊಂದು ಬ್ಯಾಸಗಿ ಆಕಿ ತಡಿಯಂಗಿಲ್ರಿ" ಎಂದಿದ್ದರು.

ಇಲ್ಲದವರಿಗೆ ಮನೆ ಬೇಡ ಅನ್ನುವಷ್ಟು ಕಲ್ಲೆದೆ ನಮ್ಮದಲ್ಲ. ಊರಾಚೆ ಬೇಕಾದಷ್ಟು ಬಯಲಿದೆ, ಅಲ್ಲಿ ಕಟ್ಟಲಿ ಎಂದು ಸವಣೂರಿನ ಉಪವಿಭಾಗ ಕಚೇರಿಗೆ ಬರೆದೆ. ಮನೆಮನೆ ತಿರುಗಿ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಗುತ್ತಿಗೆದಾರನ ಕಡೆಯವರು ಸಂತೆಯಲ್ಲಿ ಅಪ್ಪನನ್ನು ಅಡ್ಡಗಟ್ಟಿ, "ಮಗಳಿಗೆ ಸ್ವಲ್ಪ ಬುದ್ಧಿ ಹೇಳ್ರಿ" ಎಂದರು. ಅಪ್ಪ ಹೇಳಲಿಲ್ಲ, ಆದರೆ ಅಂದಿನಿಂದ ನನ್ನನ್ನು ಒಬ್ಬಳನ್ನೇ ಹೊರಗೆ ಬಿಡಲೂ ಇಲ್ಲ.

ಕಡೆಗೆ ಸವಣೂರಿನಿಂದ ಸಾಹೇಬರು ತಾವೇ ಬಂದು ನೋಡುತ್ತಾರೆಂದು ತಿಳಿಯಿತು. ಯಾವ ದಿನ ಅನುಕೂಲ ಎಂದು ಕೇಳಿ ಕಳಿಸಿದ್ದರು. ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತು, "ಸೋಮವಾರ ಬರ್ರಿ ಅಂತ ಬರಿಯವಾ. ಅವತ್ತ ಎಲ್ಲಾರೂ ಮನ್ಯಾಗ ಇರ್ತೇವಿ" ಎಂದರು. ಸೋಮವಾರ ಬಸವಣ್ಣನ ವಾರ. ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹೊಲದ ಕೆಲಸ ಇರುವುದಿಲ್ಲ. ಹಾಗೆಯೇ ಬರೆದೆ. ತಲೆಯ ಮೇಲೆ ನಾವೇ ಚಪ್ಪಡಿ ಎಳೆದುಕೊಳ್ಳುತ್ತಿದ್ದೇವೆಂದು ಮ್ಯಾಟ್ರಿಕ್ ಪಾಸಾದ ಈ ಜಾಣೆಗೂ ಹೊಳೆಯಲಿಲ್ಲ.

ಸೋಮವಾರ ಓಣಿಗೆ ಓಣಿಯೇ ಮಿಂದು, ಒಗೆದ ಬಟ್ಟೆ ಉಟ್ಟು ನಿಂತಿತ್ತು. ಸಾಹೇಬರು ಜೀಪಿನಿಂದ ಇಳಿದು ಬಯಲಿನ ಕಡೆ ನೋಡಿದರು. ಗಾಣ ನಿಂತಿತ್ತು. ಎತ್ತುಗಳು ಬೇವಿನ ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ಗಾಣದವನೂ ನಮ್ಮಂತೆಯೇ ವಾರ ಹಿಡಿಯುವವನು. ಧೂಳಿನ ಸುಳಿವಿಲ್ಲ. ಎದ್ದದ್ದೆಂದರೆ ನಮ್ಮದೇ ಬಚ್ಚಲೊಲೆಗಳ ಹೊಗೆ.

"ಹೊಗಿ ನಿಮ್ಮ ಮನ್ಯಾಗಿಂದನ ಬರಾಕತ್ತೈತಲ್ರಿ" ಎಂದರು ಸಾಹೇಬರು.

"ನಾಳೆ ಬರ್ರಿ ಸಾಹೇಬ್ರ, ನಾಳೆ ಏಳ್ತೈತಿ ಧೂಳ" ಎಂದರು ಹಿರಿಯರೊಬ್ಬರು. ಸಾಹೇಬರು ನಕ್ಕು, ಅರ್ಜಿಯಲ್ಲಿ ಬರೆದ ಜಡ್ಡಿನ ಹೆಣ್ಣುಮಗಳು ಯಾರು ಎಂದು ಕೇಳಿದರು.

ಅಕ್ಕ ಮುಂದೆ ಬಂದಳು. ಬೆಳಗಿನಿಂದ ಧೂಳಿಲ್ಲದೆ ಅವಳ ಉಸಿರು ಸಲೀಸಾಗಿತ್ತು. ಕೈ ಮುಗಿದು ಎಲ್ಲರಂತೆ ನಿಂತಳು. ದೇವರೇ, ಒಂದು ಸಲ ಕೆಮ್ಮಲಿ, ಒಂದೇ ಒಂದು ಸಲ ಅವಳಿಗೆ ಉಸಿರು ಕಟ್ಟಲಿ ಎಂದು ನಾನು ಬೇಡಿಕೊಂಡೆ. ಒಡಹುಟ್ಟಿದವಳಿಗೆ ಜಡ್ಡು ಬೇಡಿದ ಪಾಪಿ ನಾನು. ಅಕ್ಕ ಕೆಮ್ಮಲಿಲ್ಲ. ಸಾಹೇಬರು ಏನೋ ಬರೆದುಕೊಂಡು ಜೀಪು ಹತ್ತಿದರು. ನಮ್ಮ ಅರ್ಜಿ ಅಲ್ಲಿಗೆ ಮುಗಿಯಿತು.

ಮಂಗಳವಾರ ಬೆಳಕು ಹರಿಯುತ್ತಲೇ ಗಾಣದ ಎತ್ತಿನ ಗೆಜ್ಜೆ ಕೇಳಿಸಿತು. ಹೊತ್ತೇರುವಷ್ಟರಲ್ಲಿ ಅಕ್ಕನ ಎದೆ ಸೀಟಿ ಹೊಡೆಯತೊಡಗಿತ್ತು. ಅವಳ ಬೆನ್ನು ತಿಕ್ಕುತ್ತ, ತಡೆಯಲಾಗದೆ, ನಿನ್ನೆ ಬೇಡಿಕೊಂಡಿದ್ದನ್ನು ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ.

ಅವಳು ಉಸಿರು ಕೂಡಿಸಿಕೊಂಡು, "ನಾನೂ ಅದನ್ನ ಬೇಡಾಕತ್ತಿದ್ದೆ" ಎಂದಳು. "ಬರಲೇ ಇಲ್ಲ ನೋಡು."

ಆ ವಾರವೇ ಅವಳನ್ನು ಹಂಸಭಾವಿಯ ಸೋದರಮಾವನ ಮನೆಗೆ ಕಳಿಸಿದೆವು. ಸಾಲುಮನೆಗಳು ಎದ್ದು ಗಾಣ ನಿಲ್ಲುವವರೆಗೆ ಅಕ್ಕ ಮನೆಗೆ ಬಂದದ್ದು ಸೋಮವಾರಗಳಲ್ಲಿ ಮಾತ್ರ. ಅವ್ವ ಎಷ್ಟೇ ಹೇಳಿದರೂ ಉಳಿಯದೆ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು.