ನಾನು ಬರೆದ ನರಿ

ಕಳೆದ ವಾರ ತುಮಕೂರಿನಿಂದ ಅಕ್ಕ ಮೊಬೈಲಿಗೆ ಒಂದು ಫೋಟೋ ಕಳಿಸಿದಳು. ಹೊಲದ ಬದುವಿನ ಮೇಲೆ ನಿಂತು ತಿರುಗಿ ನೋಡುತ್ತಿರುವ ಪ್ರಾಣಿ. ಕೆಳಗೆ, ‘ಎದ್ದ ತಕ್ಷಣ ನರಿ ಮುಖ ನೋಡು, ದಿನವೆಲ್ಲ ಒಳ್ಳೇದಾಗುತ್ತೆ’ ಎಂಬ ಹಾರೈಕೆ. ನಾನಾದರೋ ಕನ್ನಡಕ ಏರಿಸಿ, ಚಿತ್ರವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ, ಕಿವಿ ಎಷ್ಟು ದೊಡ್ಡದು, ಬಾಲ ಎಷ್ಟು ಉದ್ದ ಎಂದು ಪರೀಕ್ಷಿಸುತ್ತ ಕುಳಿತೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ನಗಬೇಡಿ. ಈ ಪರೀಕ್ಷೆಯನ್ನು ನಾನು ಬಹಳ ತಡವಾಗಿ ಕಲಿತವಳು. ಆ ತಡಕ್ಕೆ ಬೆಲೆ ತೆತ್ತವರು ಬೇರೆಯವರು.

ಆಗ ನಾವು ವಡೋದರಾದ ಮಕರಪುರದಲ್ಲಿದ್ದೆವು. ಅಪ್ಪನಿಗೆ ಬ್ಯಾಂಕಿನ ಕೆಲಸ. ನಾನು ಎರಡನೆಯ ಕ್ಲಾಸಿನಿಂದ ಅಲ್ಲೇ ಬೆಳೆದವಳು. ಬಿ.ಎ. ಮುಗಿದಿತ್ತು. ಮುಂದೇನು ಎಂದು ಯಾರಾದರೂ ಕೇಳಿದರೆ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಪಕ್ಕದ ಮನೆಯಲ್ಲಿ ಗದಗಿನ ಕಡೆಯ ಶಾಂತಕ್ಕ ಇದ್ದಳು. ಗಂಡ ರೈಲ್ವೆಯಲ್ಲಿ, ಅವಳು ಪ್ರಾಣಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ವಿಷಯ ನರಿ.

ನರಿಯಲ್ಲಿ ಅಷ್ಟು ವರ್ಷ ಓದುವಂಥದ್ದು ಏನಿರುತ್ತದೆ ಎಂದು ನಾನು ಒಳಗೊಳಗೇ ನಕ್ಕಿದ್ದುಂಟು. ಆದರೆ ಆ ಒಂದು ನರಿಯ ಹಿಂದೆ ಮೂರು ಊರಿನ ಪಂಡಿತರು ಬಿದ್ದಿದ್ದರು. ಶಾಂತಕ್ಕ ವಡೋದರಾದ ಹೊರಗಿನ ಬಯಲಿನಲ್ಲಿ ಅದರ ಹಿಕ್ಕೆ ಆಯ್ದು ತಂದು, ಏನು ತಿಂದಿದೆ ಎಂದು ಬಿಡಿಸಿ ನೋಡುತ್ತಿದ್ದಳು. ಅಹಮದಾಬಾದಿನ ಒಬ್ಬ ಡಾಕ್ಟರಿಗೆ ಅದು ಯಾರನ್ನು ಕಚ್ಚಿತು, ರೇಬೀಸ್ ಹರಡುತ್ತದೆಯೇ ಎಂಬ ಚಿಂತೆ. ಸೂರತ್ತಿನ ಜಾನಪದ ಪ್ರೊಫೆಸರರಿಗೆ ಹಳ್ಳಿಯವರು ಹೇಳುವ ನರಿಯ ಕತೆ ಬೇಕು. ಮೂವರಿಗೂ ಆಧಾರ ಒಂದೇ: ಶಾಂತಕ್ಕ ಹಳ್ಳಿ ಹಳ್ಳಿ ತಿರುಗಿ ಜನರ ಮಾತನ್ನು ತುಂಬಿಕೊಂಡು ಬರುತ್ತಿದ್ದ ಪುಟ್ಟ ರೆಕಾರ್ಡರ್.

ತೊಂದರೆ ಎಂದರೆ ಅವಳ ಗುಜರಾತಿ ತರಕಾರಿ ಅಂಗಡಿಯಿಂದ ಮುಂದೆ ಹೋಗಿರಲಿಲ್ಲ. “ತಂಗಿ, ನಿನಗ ಗುಜರಾತಿ ನೀರು ಕುಡದಂಗ ಬರ್ತೈತಿ. ನೀ ಕೇಳಿ ಇಂಗ್ಲೀಷಿನ್ಯಾಗ ಬರದು ಕೊಡು,” ಎಂದಳು. ನಾನು ಉಬ್ಬಿಹೋದೆ. ಇಡೀ ಚಳಿಗಾಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪುಟಗಟ್ಟಲೆ ಬರೆದೆ. ಶಿಯಾಳ್ ಎಂದು ಕೇಳಿಸಿದರೆ ಫಾಕ್ಸ್ ಎಂದು ಬರೆದೆ. ಲೋಂಕಡಿ ಎಂದು ಕೇಳಿಸಿದರೂ ಫಾಕ್ಸ್. ಶಾಲೆಯ ಗುಜರಾತಿ ಪುಸ್ತಕದಲ್ಲಿದ್ದ ಶಿಯಾಳನ ಕತೆಯನ್ನೇ ಅಮ್ಮ ನನಗೆ ನರಿಯ ಕತೆ ಎಂದು ಹೇಳಿದ್ದಳು. ನರಿ ಎಂದರೆ ಫಾಕ್ಸ್. ಒಂದೇ ಪ್ರಾಣಿಗೆ ಎರಡು ಹೆಸರಿರಬೇಕು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದಾಗುತ್ತದಲ್ಲ.

ಫೆಬ್ರವರಿಯ ಒಂದು ಸಂಜೆ ಶಾಂತಕ್ಕ ನನ್ನನ್ನು ಬಯಲಿಗೆ ಕರೆದುಕೊಂಡು ಹೋದಳು. ಬಿಲದ ಬಾಯಲ್ಲಿ ಮೂರು ಮರಿ, ಪಕ್ಕದಲ್ಲಿ ಬೆಕ್ಕಿಗಿಂತ ಸ್ವಲ್ಪ ದೊಡ್ಡ ತಾಯಿ. ಆ ಹೊಲದ ಒಡತಿ ರೇವಾಬಾ ಎಂಬ ಮುದುಕಿ ನಮ್ಮ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮಾತಿಗೆಂದು ನಾನು, “ಅಜ್ಜಿ, ಈ ಶಿಯಾಳ್ ನಿಮ್ಮನ್ನೂ ಕಚ್ಚಿತ್ತೇ?” ಎಂದು ಅವಳ ಭಾಷೆಯಲ್ಲಿ ಕೇಳಿದೆ.

ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಆ ತೋ ಲೋಂಕಡಿ. ಬಿಚಾರಿ ಉಂದರ್ ಖಾಯ್.” ಇದು ಲೋಂಕಡಿ, ಪಾಪ, ಇಲಿ ತಿನ್ನುತ್ತದೆ. ಆಮೇಲೆ ಕೈಯನ್ನು ನೆಲದಿಂದ ಇನ್ನೂ ಮೇಲಕ್ಕೆತ್ತಿ ತೋರಿಸಿದಳು. “ಕರಡೆ ಎ ತೋ ಶಿಯಾಳ್.” ಕಚ್ಚುವುದು ಶಿಯಾಳ್.

ಶಾಂತಕ್ಕ ಬೈನಾಕ್ಯುಲರಿನಲ್ಲಿ ಮುಳುಗಿದ್ದಳು. ಈ ಮಾತನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ಊಟಕ್ಕೆ ಕುಳಿತಾಗ ಅಪ್ಪನನ್ನು ಕೇಳಿದೆ: “ನರಿ ಅಂದ್ರೆ ಫಾಕ್ಸಾ, ಜ್ಯಾಕಲ್ಲಾ?”

“ನರಿ ಅಂದ್ರೆ ನರಿ ಕಣೇ. ಎರಡೂ ನರೀನೇ. ಸಾರು ಬಡಿಸು,” ಎಂದರು ಅಪ್ಪ.

ಮರುದಿನ ರೆಕಾರ್ಡಿಂಗನ್ನೆಲ್ಲ ಮತ್ತೆ ಕೇಳಿದೆ. ಕಚ್ಚಿಸಿಕೊಂಡವರೆಲ್ಲ ಹೇಳಿದ್ದು ಶಿಯಾಳ್, ಅಂದರೆ ಜ್ಯಾಕಲ್. ಒಬ್ಬರೂ ಲೋಂಕಡಿ, ಅಂದರೆ ಫಾಕ್ಸ್, ಎಂದಿರಲಿಲ್ಲ. ಆದರೆ ನನ್ನ ಬರಹ ಆಗಲೇ ಅಹಮದಾಬಾದಿಗೆ ಹೋಗಿತ್ತು. ಅದರ ಮೇಲೆಯೇ ಮಾರನೆಯ ದಿನ ಅಲ್ಲಿ ಮೀಟಿಂಗ್; ಬರೆದವಳೆಂದು ನನಗೂ ಕರೆ ಬಂದಿತ್ತು.

ರೈಲಿನಲ್ಲಿ ನಾನೂ ಶಾಂತಕ್ಕನೂ ಅಕ್ಕಪಕ್ಕ. ಆಣಂದ್ ಬಂದಾಗ ಹೇಳೋಣ ಎಂದುಕೊಂಡೆ. ಆಣಂದ್ ಹೋಯಿತು. ಅವಳು ಬುತ್ತಿ ಬಿಚ್ಚಿ ಚಪಾತಿಗೆ ಶೇಂಗಾಚಟ್ನಿ ಸವರಿ ಕೈಗಿಟ್ಟಳು. ತಿಂದೆ. “ಯಾಕ, ಮಾರಿ ಸಣ್ಣದಾಗೇತಲ್ಲ?” ಎಂದಳು. ತಲೆನೋವು ಎಂದೆ. ನಡಿಯಾದ್ ಬಂತು, ಹೋಯಿತು. ಅಹಮದಾಬಾದಿನ ಮಣಿನಗರದಲ್ಲಿ ಇಳಿಯುವಾಗಲೂ ನನ್ನ ಬಾಯಿ ತೆರೆಯಲಿಲ್ಲ.

ಮೀಟಿಂಗಿನಲ್ಲಿ ಡಾಕ್ಟರು ನನ್ನ ಅಕ್ಷರದ ಹಾಳೆಗಳನ್ನು ಮುಂದಿಟ್ಟುಕೊಂಡಿದ್ದರು. ಮಳೆಗಾಲಕ್ಕೆ ಮೊದಲು ಹಳ್ಳಿಗಳ ಸುತ್ತಲಿನ ಫಾಕ್ಸ್ ಬಿಲಗಳನ್ನು ಮುಚ್ಚಿಸಬೇಕು ಎಂಬುದು ಅವರ ತೀರ್ಮಾನ. ಶಾಂತಕ್ಕ ಎದ್ದು ನಿಂತಳು. ಮೂರು ವರ್ಷದಲ್ಲಿ ಒಂದೂ ತನ್ನ ಹತ್ತಿರ ಬಂದಿಲ್ಲ, ಹೆಜ್ಜೆ ಸಪ್ಪಳಕ್ಕೇ ಓಡುತ್ತವೆ ಎಂದಳು. ಡಾಕ್ಟರು ಕೆಟ್ಟವರಲ್ಲ, ರೇಬೀಸಿನ ಸಾವನ್ನು ಕಣ್ಣಾರೆ ಕಂಡವರು. “ಮೇಡಂ, ಇದು ನೀವೇ ತಂದ ಸಾಕ್ಷಿ. ನಿಮ್ಮ ಪ್ರೀತಿಯನ್ನು ನಂಬಲೋ, ಈ ಹಳ್ಳಿಯವರ ಮಾತನ್ನು ನಂಬಲೋ?” ಎಂದರು. ಶಾಂತಕ್ಕ ಹಾಳೆ ತಿರುವಿದಳು. ಕಡೆಗೆ, ಹಾಗಿದ್ದರೆ ತಪ್ಪು ತನ್ನದೇ ಇರಬೇಕು ಎಂದು ಸಣ್ಣ ದನಿಯಲ್ಲಿ ಹೇಳಿ ಕುಳಿತುಬಿಟ್ಟಳು.

ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. “ತಪ್ಪು ಅವರದಲ್ಲ, ನನ್ನದು,” ಎಂದೆ. ಶಿಯಾಳ್, ಲೋಂಕಡಿ, ನಮ್ಮ ಮನೆಯ ನರಿ, ಎಲ್ಲ ಹೇಳಿದೆ. ಡಾಕ್ಟರು ಹಾಳೆಗಳನ್ನು ಮುಚ್ಚಿಟ್ಟು, “ಒಂದು ಹಳ್ಳಿಗೆ ಆಗಲೇ ಹೇಳಿಕಳಿಸಿದ್ದೇನೆ,” ಎಂದರು. ಅದು ರೇವಾಬಾಳ ಹಳ್ಳಿ.

ಮಣಿನಗರದ ಪ್ಲಾಟ್‌ಫಾರ್ಮಿನಲ್ಲಿ ಶಾಂತಕ್ಕ ನನ್ನ ಕಡೆ ತಿರುಗಿದಳು. “ಬರುವಾಗ ನನ್ನ ಬಾಜೂಕ ಕುಂತಿದ್ದಿ. ನನ್ನ ಬುತ್ತಿ ತಿಂದಿ. ಅವಾಗ ಹೇಳಾಕ ಬಾಯಿ ಇದ್ದಿಲ್ಲೇನು?” ಅಷ್ಟೇ. ವಡೋದರಾವರೆಗೆ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು.

ಸ್ಟೇಷನ್ನಿನಿಂದ ನೇರ ಬಯಲಿಗೆ ಹೋದೆವು. ಬಿಲದ ಎರಡೂ ಬಾಯಿಗೆ ಜಾಲಿಮುಳ್ಳು ತುರುಕಿ ಮೇಲೆ ಇಟ್ಟಿಗೆ ಹೇರಿದ್ದರು. ಇಬ್ಬರೂ ಬರಿಗೈಯಲ್ಲಿ ಕಿತ್ತೆವು. ಅವಳ ಕೈಯಲ್ಲೂ ರಕ್ತ, ನನ್ನ ಕೈಯಲ್ಲೂ ರಕ್ತ. ಒಳಗಿನಿಂದ ಸದ್ದಿಲ್ಲ. ರೇವಾಬಾ ಬಂದು ಹೇಳಿದಳು: ಬೆಳಿಗ್ಗೆ ಜನ ಬರುವ ಮೊದಲೇ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಆಚೆಯ ಹಳ್ಳದ ಕಡೆಗೆ ಒಯ್ದಿತು. ಎರಡನ್ನಷ್ಟೇ ಅವಳು ಕಂಡಿದ್ದಳು. ಮೂರನೆಯದನ್ನು ಕಂಡಿರಲಿಲ್ಲ.

ಶಾಂತಕ್ಕ ಕತ್ತಲಾಗುವವರೆಗೆ ಆ ಬಿಲದ ಮುಂದೆ ಕುಳಿತಳು. ನಾನು ದೂರದಲ್ಲಿ ನಿಂತೆ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ಆ ವರದಿ ರದ್ದಾಯಿತು. ಮುಚ್ಚಿಸುವ ಮಾತೂ ನಿಂತಿತು. ಶಾಂತಕ್ಕನ ಪಿಎಚ್.ಡಿ. ಒಂದು ವರ್ಷ ಹಿಂದಕ್ಕೆ ಹೋಯಿತು. ವಿಚಿತ್ರವೆಂದರೆ ಖುಷಿಪಟ್ಟವರು ಸೂರತ್ತಿನ ಪ್ರೊಫೆಸರರು. ತಾವು ಕೂಡಿಟ್ಟ ಕಳ್ಳತನದ, ಮೋಸದ ಕತೆಗಳನ್ನೆಲ್ಲ ಮತ್ತೆ ನೋಡಿದರೆ ಅಲ್ಲಿದ್ದದ್ದೂ ಶಿಯಾಳೇ. ನಡುವೆ ಲೋಂಕಡಿ ಸುಮ್ಮನೆ ಹೆಸರು ಕೆಡಿಸಿಕೊಂಡಿತ್ತು ಎಂದು ಫೋನಿನಲ್ಲಿ ನಕ್ಕರಂತೆ. ನನಗೆ ನಗು ಬರಲಿಲ್ಲ.

ಎಂಟು ದಿನ ನಾನು ಪಕ್ಕದ ಮನೆಯ ಕಡೆ ತಲೆಯೆತ್ತಲಿಲ್ಲ. ಒಂಬತ್ತನೆಯ ದಿನ ಶಾಂತಕ್ಕ ನಮ್ಮ ಗೇಟಿನಲ್ಲಿ ನಿಂತಿದ್ದಳು, ಕೈಯಲ್ಲಿ ರೆಕಾರ್ಡರ್. “ಬಾ. ಎಲ್ಲಾ ಮತ್ತ ಮೊದಲಿಂದ ಕೇಳೂಣು. ಈ ಸಲ ಅವರು ಏನಂದ್ರೋ ಅದನ್ನ ಬರಿ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತ ಬರಿ.” ಕ್ಷಮಿಸಿದ್ದೇನೆ ಎಂದು ಅವಳು ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಳೆಗಾಲ ಮುಗಿಯುವವರೆಗೆ ಒಂದೇ ಮೇಜಿನ ಎರಡು ಬದಿಗೆ ಕುಳಿತು ಬರೆದೆವು.

ಈಗ ನಾನು ಸೂರತ್ತಿನಲ್ಲಿದ್ದೇನೆ. ಉಧ್ನಾದ ಬಳಿ ಒಂದು ಆಸ್ಪತ್ರೆಯಲ್ಲಿ ರೋಗಿಗಳ ವಿವರ ಬರೆದುಕೊಳ್ಳುವ ಕೆಲಸ. ಮಗ್ಗದ ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅವರವರ ಭಾಷೆ ಹೊತ್ತುಕೊಂಡು. ನಿನ್ನೆ ಒರಿಸ್ಸಾದ ಕಡೆಯ ಹೆಂಗಸೊಬ್ಬಳು ಬಂದಳು, ಕಾಲಿನಲ್ಲಿ ಕಚ್ಚಿದ ಗಾಯ. ಇಂಜೆಕ್ಷನ್ ಕೊಟ್ಟಾಗಿತ್ತು. ಏನು ಕಚ್ಚಿತು ಎಂದರೆ ಅವಳು ಹೇಳಿದ ಶಬ್ದ ನಾನು ಹಿಂದೆ ಕೇಳಿದ್ದಲ್ಲ. “ನಾಯಿ ಅಂತ ಬರೀರಿ, ಮುಂದಿನವರನ್ನ ಕರೀರಿ,” ಎಂದು ಡಾಕ್ಟರು ಹಿಂದಿಯಲ್ಲಿ ಅವಸರ ಮಾಡಿದರು. ಹೊರಗೆ ಸಾಲು ಉದ್ದವಿತ್ತು.

“ನನಗೆ ಗೊತ್ತಾಗಲಿಲ್ಲ ಸಾರ್,” ಎಂದೆ. ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ. ಇನ್ನೊಂದು ಸಲ ಹೇಳಮ್ಮಾ, ನಿಧಾನವಾಗಿ ಹೇಳು ಎಂದೆ.